ಯಾರಿಗೂ ಕಳಿಸದ ಪತ್ರ

ಸಂಶೋಧನೆಗೆ ಸಾಮಗ್ರಿ ಹುಡುಕಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ನನಗೊಂದು ಸಿ.ಡಿ. ಕೊಟ್ಟರು. ಕನ್ನಡ ಪ್ರಬಂಧ ಅಂತರ್ಜಾಲಕ್ಕೆ ಬಂದ ಮೊದಲ ಹತ್ತು ವರ್ಷಗಳ ಬಗ್ಗೆ ನಾನು ಕೆಲಸ ಮಾಡುತ್ತಿರುವುದನ್ನು ಯಾರೋ ಅವರಿಗೆ ಹೇಳಿದ್ದರಂತೆ. 2000ದ ಆಚೀಚೆಯ ವರ್ಷಗಳಲ್ಲಿ ಅವರು ಸಂಜೆ ಹೊತ್ತು ಸೈಬರ್ ಕೆಫೆಗೆ ಹೋಗಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕನ್ನಡದ ಜಾಲತಾಣಗಳನ್ನು ಓದುತ್ತಿದ್ದವರು. ಹಿಡಿಸಿದ ಬರಹಗಳನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಮುಂದೆ ಎಲ್ಲವನ್ನೂ ಸೇರಿಸಿ ಒಂದು ಸಿ.ಡಿ. ಮಾಡಿಸಿಟ್ಟಿದ್ದರು. ಅದರಲ್ಲಿ ಅವರ ಗೆಳೆಯರೊಬ್ಬರು ಬರೆದ ನಾಲ್ಕು ಪ್ರಬಂಧಗಳಿದ್ದವು. ಗೆಳೆಯರು ಹೊರದೇಶದಲ್ಲಿ ಎಂಜಿನಿಯರ್ ಆಗಿದ್ದವರು, ಈಗಿಲ್ಲ. ಪ್ರಬಂಧಗಳು ಪುಸ್ತಕವಾಗಲಿಲ್ಲ. ಅವು ಪ್ರಕಟವಾಗಿದ್ದ ತಾಣವೂ ಈಗಿಲ್ಲ. “ಇದ್ದರೆ ಇದೊಂದೇ ಕಡೆ ಇರಬೇಕು. ಜೋಪಾನ ಕಣಮ್ಮ” ಎಂದರು.

ಸಿ.ಡಿ. ಓದುವ ಡ್ರೈವ್ ಒಂದನ್ನು ಸಾಲ ತಂದು ಹಾಕಿ ನೋಡಿದೆ. ನಾಲ್ಕು ಪ್ರಬಂಧಗಳು ಮೂರು ಬಗೆಯ ಫೈಲ್‌ಗಳಾಗಿ ಕೂತಿದ್ದವು. ಎರಡು ಎಚ್‌ಟಿಎಂ ಫೈಲ್‌ಗಳು, ಒಂದು ಎಂಎಚ್‌ಟಿ, ಒಂದು ಬರಿಯ ಟೆಕ್ಸ್ಟ್ ಫೈಲ್. ಮೊದಲನೆಯದನ್ನು ತೆರೆದರೆ ಚಿತ್ರಗಳಿರಬೇಕಾದ ಜಾಗದಲ್ಲಿ ಖಾಲಿ ಚೌಕಗಳು, ಅಕ್ಷರಗಳಿರಬೇಕಾದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳು, ಪೌಂಡ್ ಚಿಹ್ನೆಗಳು, ಎಲ್ಲಿಂದಲೋ ಬಂದ ಜರ್ಮನ್ ಅಕ್ಷರಗಳು. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

ಆ ಸಿ.ಡಿ.ಯನ್ನು ಓದಲು ಹೊರಟ ನಾನು ಜಾಲಪುಟಗಳನ್ನು ಉಳಿಸುವ ಫೈಲ್ ಫಾರ್ಮ್ಯಾಟ್‌ಗಳ ಚರಿತ್ರೆಯೊಳಗೆ ಬಿದ್ದೆ. ಅಲ್ಲಿ ಕಂಡದ್ದು ಇದು: ಜಾಲಪುಟ ಅಂದರೆ ಏನು ಎಂಬ ಪ್ರಶ್ನೆಗೆ ಒಂದೊಂದು ಫಾರ್ಮ್ಯಾಟ್ ಕೊಟ್ಟ ಉತ್ತರ ಒಂದೊಂದು. ಯಾವ ಉತ್ತರವನ್ನು ಯಾರು ಯಾವ ಸಂಜೆ ಆರಿಸಿಕೊಂಡರು ಎಂಬುದರ ಮೇಲೆ ಇವತ್ತು ಏನು ಉಳಿದಿದೆ ಎಂಬುದು ನಿಂತಿದೆ.

*

ಪುಸ್ತಕದ ಪುಟ ಒಂದು ವಸ್ತು. ಜಾಲಪುಟ ಹಾಗಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ತಮ್ಮ ಯೋಜನೆಯನ್ನು ಮಂಡಿಸಿದರು. ಮೊದಲ ಪುಟಗಳು ಬರಿಯ ಅಕ್ಷರ ಮತ್ತು ಕೊಂಡಿಗಳಿಂದ ಕೂಡಿದ್ದವು. ಅಂಥ ಪುಟವನ್ನು ಉಳಿಸುವುದೆಂದರೆ ಒಂದು ಫೈಲನ್ನು ನಕಲು ಮಾಡಿಕೊಳ್ಳುವುದು, ಅಷ್ಟೇ. ಆದರೂ ಜಗತ್ತಿನ ಆ ಮೊತ್ತಮೊದಲ ಪುಟ ತನ್ನ ಮೂಲ ರೂಪದಲ್ಲಿ ಉಳಿಯಲಿಲ್ಲ. ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವುದು ಅಲ್ಲಿನ ರೂಢಿಯಾಗಿತ್ತು. 2013ರಲ್ಲಿ ಸರ್ನ್ ಆ ತಾಣವನ್ನು ಹಳೆಯ ವಿಳಾಸದಲ್ಲೇ ಮತ್ತೆ ನಿಲ್ಲಿಸಿದಾಗ ಅದಕ್ಕೆ ಆಧಾರವಾದದ್ದು 1992ರ ಒಂದು ಪ್ರತಿ. ಮೂಲಪ್ರತಿ ಇಲ್ಲ, ನಂತರದ ಪ್ರತಿ ಮಾತ್ರ ಇದೆ ಎಂಬ ಈ ಸ್ಥಿತಿ ಗ್ರಂಥಸಂಪಾದನೆ ಓದಿದ ಯಾರಿಗೂ ಹೊಸದಲ್ಲ.

1993ರಲ್ಲಿ ಪುಟದ ಸ್ವರೂಪವೇ ಬದಲಾಯಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಮೊಸಾಯಿಕ್’ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್ ಚಿತ್ರಗಳಿಗಾಗಿ ಒಂದು ಹೊಸ ಗುರುತನ್ನು ಸೂಚಿಸಿದರು. ಚಿತ್ರವನ್ನು ಪುಟದ ಒಳಗೇ ಇಡುವ ಬದಲು, ‘ಈ ಜಾಗಕ್ಕೆ ಆ ವಿಳಾಸದಲ್ಲಿರುವ ಚಿತ್ರವನ್ನು ತಂದು ಹಾಕು’ ಎಂದು ಪುಟದಲ್ಲಿ ಬರೆಯುವ ಉಪಾಯ ಅದು. ಅಂದಿನಿಂದ ಜಾಲಪುಟವೆಂಬುದು ಮದುವೆ ಮನೆಯ ಸಾಮಾನಿನ ಪಟ್ಟಿಯ ಹಾಗಾಯಿತು. ಅಕ್ಷರ ಇಲ್ಲಿಂದ, ಚಿತ್ರ ಅಲ್ಲಿಂದ, ಅಲಂಕಾರದ ನಿಯಮಗಳು ಮತ್ತೊಂದು ಕಡೆಯಿಂದ ಬರಬೇಕು. ಬ್ರೌಸರ್ ಎಲ್ಲವನ್ನೂ ತರಿಸಿ, ಜೋಡಿಸಿ, ನಮ್ಮ ಮುಂದೆ ಒಂದೇ ಪುಟದಂತೆ ತೋರಿಸುತ್ತದೆ. ನಾವು ನೋಡುತ್ತಿರುವುದು ಆ ಹೊತ್ತಿಗೆ ನಡೆದ ಒಂದು ಜೋಡಣೆಯನ್ನು. ಅದನ್ನು ಮನೆಗೆ ಕೊಂಡೊಯ್ಯಬೇಕೆಂದರೆ ಏನನ್ನು ಕೊಂಡೊಯ್ಯಬೇಕು? ಪಟ್ಟಿಯನ್ನೇ, ಸಾಮಾನನ್ನೇ, ಅಥವಾ ಜೋಡಿಸಿಟ್ಟದ್ದನ್ನೇ?

ಬ್ರೌಸರ್‌ಗಳು ಕೊಟ್ಟ ಸುಲಭದ ಉತ್ತರವೆಂದರೆ ಪಟ್ಟಿ ಒಂದು ಫೈಲು, ಸಾಮಾನೆಲ್ಲ ಪಕ್ಕದ ಒಂದು ಫೋಲ್ಡರು. ನೀವು ಯಾವತ್ತಾದರೂ ಒಂದು ಪುಟವನ್ನು ಪೂರ್ತಿಯಾಗಿ ಸೇವ್ ಮಾಡಿದ್ದರೆ, ಅದೇ ಹೆಸರಿನ ಮುಂದೆ ‘ಫೈಲ್ಸ್’ ಎಂಬ ಬಾಲವಿರುವ ಫೋಲ್ಡರ್ ಹುಟ್ಟಿಕೊಂಡದ್ದನ್ನು ನೋಡಿರುತ್ತೀರಿ. ವಿಂಡೋಸ್ ಇವೆರಡನ್ನೂ ಅವಳಿಗಳಂತೆ ನಡೆಸಿಕೊಳ್ಳುತ್ತದೆ, ಒಂದನ್ನು ಅಳಿಸಿದರೆ ಇನ್ನೊಂದೂ ಹೋಗುತ್ತದೆ. ಆದರೆ ಕಂಪ್ಯೂಟರ್ ಬಿಟ್ಟು ಹೊರಟ ಕೂಡಲೇ ಈ ನಂಟು ಮುರಿಯುತ್ತಿತ್ತು. ಇ-ಮೇಲ್‌ಗೆ ಸೇರಿಸುವವರು ಫೈಲನ್ನಷ್ಟೇ ಸೇರಿಸುತ್ತಿದ್ದರು. ಮೇಷ್ಟ್ರ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂ.ಬಿ. “ಫೋಲ್ಡರ್ ಬೇಕಿಲ್ಲ ಸರ್, ಅದರಲ್ಲಿ ಬರೀ ಚಿತ್ರ ಇರ್ತವೆ ಅಂತ ಕೆಫೆ ಹುಡುಗನೇ ಹೇಳಿದ್ದ” ಎಂದು ಅವರು ನನಗೆ ಆಮೇಲೆ ಹೇಳಿದರು. ಆ ಹುಡುಗನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಜಾಗ ಸಾಲದಾಗ ಓದುವವರು ಅಕ್ಷರವನ್ನೇ ಆರಿಸಿಕೊಳ್ಳುತ್ತಾರೆ.

*

ಎರಡನೆಯ ಉತ್ತರ ಬಂದದ್ದು ಅಂಚೆಯ ಲೋಕದಿಂದ. ಮೊದಲು ಇ-ಮೇಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಕಳಿಸಬಹುದಾಗಿತ್ತು. ನೇಥನೀಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ‘ಮೈಮ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಒಂದೇ ಪತ್ರದೊಳಗೆ ಹಲವು ಭಾಗಗಳನ್ನಿಟ್ಟು, ನಡುನಡುವೆ ಗಡಿಗೆರೆ ಎಳೆದು, ಪ್ರತಿ ಭಾಗದ ನೆತ್ತಿಯ ಮೇಲೆ ‘ಇದು ಚಿತ್ರ’, ‘ಇದು ಧ್ವನಿ’, ‘ಇದು ಬರಹ’ ಎಂದು ಚೀಟಿ ಅಂಟಿಸುವ ಕ್ರಮ ಅದು. ಚಿತ್ರ, ಧ್ವನಿಗಳನ್ನೂ ಅಕ್ಷರಗಳ ವೇಷ ತೊಡಿಸಿಯೇ ಕಳಿಸಬೇಕು. ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗುವುದರಿಂದ ಗಾತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ. ಆ ವರ್ಷದ ಮಾರ್ಚ್ 11ರಂದು ಬೊರೆನ್‌ಸ್ಟೈನ್ ಹೀಗೆ ಲಗತ್ತಿಸಿ ಕಳಿಸಿದ್ದು ತಾವೂ ಹಾಡುತ್ತಿದ್ದ ನಾಲ್ವರ ಗಾಯನ ತಂಡದ ಚಿತ್ರವನ್ನು.

ಹಲವು ಭಾಗಗಳುಳ್ಳ ಒಂದೇ ಪತ್ರ ಎಂಬ ಈ ಕಲ್ಪನೆ ಜಾಲಪುಟಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಯಾಕೊಬ್ ಪಾಲ್ಮೆ ಮತ್ತು ಮೈಕ್ರೋಸಾಫ್ಟ್‌ನ ಅಲೆಕ್ಸ್ ಹಾಪ್‌ಮನ್ 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2110 ಎಂಬ ದಾಖಲೆಯನ್ನು ಪ್ರಕಟಿಸಿದರು. ಲೋಟಸ್ ಕಂಪನಿಯ ನಿಕ್ ಶೆಲ್ನೆಸ್ ಸೇರಿಕೊಂಡ ಮೇಲೆ ತಿದ್ದಿದ ರೂಪ, ಆರ್‌ಎಫ್‌ಸಿ 2557, 1999ರ ಮಾರ್ಚ್‌ನಲ್ಲಿ ಬಂತು. ಇದೇ ಎಂಎಚ್‌ಟಿಎಂಎಲ್. ಅವರ ಮುಖ್ಯ ಉದ್ದೇಶ ಪುಟಗಳನ್ನು ಉಳಿಸುವುದಾಗಿರಲಿಲ್ಲ, ಚಿತ್ರಸಹಿತವಾದ ಪುಟವನ್ನು ಇ-ಮೇಲ್‌ನಲ್ಲಿ ಕಳಿಸುವುದಾಗಿತ್ತು. ಅದೇ ಮಾರ್ಚ್‌ನಲ್ಲಿ ಹೊರಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಅದನ್ನು ಬೇರೊಂದು ಕೆಲಸಕ್ಕೆ ಹಚ್ಚಿತು. ಪುಟವನ್ನು ಪತ್ರದಂತೆ ಮಡಿಸಿ, ಯಾರಿಗೂ ಕಳಿಸದೆ, ನಮ್ಮದೇ ಕಂಪ್ಯೂಟರ್‌ನಲ್ಲಿ ಇಡುವ ಅನುಕೂಲ ಮಾಡಿಕೊಟ್ಟಿತು. ಹಾಗೆ ಇಟ್ಟದ್ದೇ ಎಂಎಚ್‌ಟಿ ಫೈಲ್.

ಮೇಷ್ಟ್ರ ಸಿ.ಡಿ.ಯಲ್ಲಿದ್ದ ಎಂಎಚ್‌ಟಿಯನ್ನು ನಾನು ಬ್ರೌಸರ್‌ನಲ್ಲಿ ತೆರೆಯುವ ಬದಲು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಮೊದಲ ಸಾಲು ಪತ್ರದ ‘ಇಂದ’. ಅಲ್ಲಿ ವ್ಯಕ್ತಿಯ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಉಳಿಸಿದ್ದು’ ಎಂದು ಇಂಗ್ಲಿಷಿನಲ್ಲಿತ್ತು. ‘ವಿಷಯ’ದ ಸಾಲಿನಲ್ಲಿ ಪುಟದ ಶೀರ್ಷಿಕೆ. ಅದರ ಕೆಳಗೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡು. ಮುಂದೆ ಒಂದೊಂದು ಭಾಗದ ನೆತ್ತಿಯ ಮೇಲೂ ಅದು ಯಾವ ವಿಳಾಸದಿಂದ ಬಂತು ಎಂಬ ಬರಹ. ‘ಗೆ’ ಎಂಬ ಸಾಲೊಂದೇ ಇರಲಿಲ್ಲ.

ಎಚ್‌ಟಿಎಂ ಫೈಲ್‌ಗಳನ್ನೂ ಹಾಗೆಯೇ ತೆರೆದೆ. ಮೇಲ್ಗಡೆ ಓದುಗರಿಗೆ ಕಾಣದ ಒಂದು ಟಿಪ್ಪಣಿ ಇತ್ತು: ಈ ಪುಟವನ್ನು ಉಳಿಸಿಕೊಂಡದ್ದು ಇಂಥ ವಿಳಾಸದಿಂದ ಎಂದು. ವಿಳಾಸದ ಹಿಂದೆ ಕಂಸದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ. ಅದು ಏನೆಂದು ತಿಳಿಯಲು ಒಂದು ಮಧ್ಯಾಹ್ನ ಹಿಡಿಯಿತು. ವಿಳಾಸದಲ್ಲಿ ಎಷ್ಟು ಅಕ್ಷರಗಳಿವೆ ಎಂಬ ಲೆಕ್ಕ ಅದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ಬರೆಯುತ್ತಿದ್ದದ್ದು ಭದ್ರತೆಗಾಗಿ. ಹೊರಗಿನಿಂದ ಬಂದ ಪುಟವನ್ನು ಮನೆಯೊಳಗಿನದೆಂದು ನಂಬಿ ಕಂಪ್ಯೂಟರ್ ಮೋಸಹೋಗಬಾರದಲ್ಲ, ಅದಕ್ಕೆ. ಕಾವಲುಗಾರ ತನ್ನ ಅನುಕೂಲಕ್ಕೆ ಬರೆದಿಟ್ಟ ಸಾಲು ಇಪ್ಪತ್ತು ವರ್ಷಗಳ ನಂತರ ನನಗೆ ಆಕರವಾಯಿತು. ಆದರೆ ಈ ಟಿಪ್ಪಣಿ ಎಲ್ಲಿಂದ ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಎಂಎಚ್‌ಟಿ ಎರಡನ್ನೂ ಹೇಳುತ್ತದೆ. ಟೆಕ್ಸ್ಟ್ ಫೈಲ್ ಎರಡನ್ನೂ ಹೇಳುವುದಿಲ್ಲ.

*

ಅಕ್ಷರಗಳ ಸಮಸ್ಯೆ ಇನ್ನೂ ಹಾಗೇ ಇತ್ತು. ಎಂಎಚ್‌ಟಿ ಫೈಲ್‌ನಲ್ಲಿ ಚಿತ್ರಗಳು ಚೆಂದವಾಗಿ ಬಂದವು, ಕನ್ನಡ ಬರಲಿಲ್ಲ. ಇಲ್ಲಿ ಕಥೆ ಸ್ಟಾಕ್‌ಹೋಮ್ ಬಿಟ್ಟು ನಮ್ಮ ಕಡೆಗೆ ತಿರುಗಬೇಕು.

ಕನ್ನಡದ ಅಕ್ಷರಗಳಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಜಾಗ ಸಿಗುವುದು ಬೇರೆ, ಜನರ ಕಂಪ್ಯೂಟರ್‌ನಲ್ಲಿ ಅಕ್ಷರ ಮೂಡುವುದು ಬೇರೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ‘ತುಂಗಾ’ ಎಂಬ ಯುನಿಕೋಡ್ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯ ಜೊತೆಗೆ. ಕನ್ನಡಿಗರು ಅಲ್ಲಿಯವರೆಗೆ ಕಾಯಲಿಲ್ಲ. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ಎಂದು ಹೆಸರಾದ ‘ವಿಶ್ವ ಕನ್ನಡ’ವನ್ನು ಯು. ಬಿ. ಪವನಜ 1996ರ ಡಿಸೆಂಬರ್‌ನಲ್ಲೇ ಶುರುಮಾಡಿದ್ದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾಗಿದ್ದ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುವುದು ಆ ಕಾಲದ ಫಾಂಟ್‌ಗಳ ಉಪಾಯ. ‘ಕ’ ಇರುವುದು ದೊಡ್ಡ ‘ಪಿ’ಯ ಮನೆಯಲ್ಲಿ, ಅದರ ತಲೆಕಟ್ಟು ಗೀಟು ಹೊತ್ತ ‘ಎ’ಯ ಮನೆಯಲ್ಲಿ. ‘ನ’ ಇರುವುದು ಪೌಂಡ್ ಚಿಹ್ನೆಯ ಮನೆಯಲ್ಲಿ, ನ ಒತ್ತು ಜರ್ಮನ್ ಭಾಷೆಯ ಒಂದು ‘ಎಸ್’ನ ಮನೆಯಲ್ಲಿ. ಆ ಫಾಂಟ್ ಇದ್ದರೆ ಇವೆಲ್ಲ ಸೇರಿ ‘ಕನ್ನಡ’ ಎಂದು ಕಾಣುತ್ತದೆ. ಇಲ್ಲದಿದ್ದರೆ ಮನೆಯ ಹಳೆಯ ಯಜಮಾನರು ಎದ್ದು ಬರುತ್ತಾರೆ. ನನ್ನ ಪರದೆಯ ಮೇಲೆ ಕೂತಿದ್ದವರು ಅವರೇ.

ಓದುಗರು ಫಾಂಟ್ ಇಳಿಸಿಕೊಳ್ಳುವ ಕಷ್ಟ ತಪ್ಪಿಸಲು ಪುಟದ ಜೊತೆಗೇ ಫಾಂಟನ್ನೂ ಕಳಿಸುವ ತಂತ್ರ 1997ರಲ್ಲಿ ಬಂತು. ನೆಟ್‌ಸ್ಕೇಪ್‌ನದು ಒಂದು ಬಗೆ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನದು ಇನ್ನೊಂದು ಬಗೆ. ಎಕ್ಸ್‌ಪ್ಲೋರರ್‌ನ ಬಗೆಯಲ್ಲಿ, ಫಾಂಟನ್ನು ಯಾರೂ ಕದಿಯಬಾರದೆಂದು, ಅದು ಯಾವ ತಾಣದ ಪುಟಗಳಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಫಾಂಟ್‌ನೊಳಗೇ ಬರೆಯಲಾಗುತ್ತಿತ್ತು. ಹಾಗೆ ಬಿಗಿದ ಫಾಂಟ್ ಬೇರೆ ವಿಳಾಸದಲ್ಲಿ ಕೆಲಸ ಮಾಡದು. ಇದರ ಅರ್ಥವನ್ನು ಯೋಚಿಸಿ ನೋಡಿ. ಪುಟವನ್ನು ಉಳಿಸಿಕೊಂಡು ಮನೆಗೆ ತಂದ ಕೂಡಲೇ ಅದರ ವಿಳಾಸ ಬದಲಾಗುತ್ತದೆ. ಇಂಗ್ಲಿಷ್ ಪುಟವನ್ನು ಉಳಿಸಿದವರು ಚಿತ್ರ ಕಳೆದುಕೊಂಡರೂ ಬರಹವನ್ನು ಕಳೆದುಕೊಳ್ಳುತ್ತಿರಲಿಲ್ಲ. ಕನ್ನಡ, ತಮಿಳು, ತೆಲುಗು ಪುಟಗಳನ್ನು ಉಳಿಸಿದವರು ಚಿತ್ರಗಳನ್ನು ಉಳಿಸಿಕೊಂಡೂ ಬರಹವನ್ನು ಕಳೆದುಕೊಳ್ಳಬಹುದಿತ್ತು. ಪೂರ್ತಿ ಪುಟ ಎಂಬ ಮಾತಿಗೆ ಎಲ್ಲ ಭಾಷೆಗಳಲ್ಲೂ ಒಂದೇ ಅರ್ಥ ಇರಲಿಲ್ಲ.

*

ವೈಯಕ್ತಿಕ ಸಂಗ್ರಹಗಳು ಹೀಗೆ ನಡೆಯುತ್ತಿದ್ದಾಗ, ಅತ್ತ ಇಡೀ ಜಾಲವನ್ನೇ ಕಟ್ಟಿಡಲು ಕೆಲವರು ಹೊರಟಿದ್ದರು. ಬ್ರೂಸ್ಟರ್ ಕಾಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಇಂಟರ್ನೆಟ್ ಆರ್ಕೈವ್’ ಆರಂಭಿಸಿದರು. ಅದೇ ವರ್ಷ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ‘ಪಂಡೋರಾ’ ಯೋಜನೆಯನ್ನೂ, ಸ್ವೀಡನ್ನಿನ ರಾಜ ಗ್ರಂಥಾಲಯ ತನ್ನ ದೇಶದ ಜಾಲಪುಟಗಳ ಸಂಗ್ರಹವನ್ನೂ ಶುರುಮಾಡಿದವು. ಇವರ ಕಷ್ಟ ಮೇಷ್ಟ್ರ ಕಷ್ಟದಂಥದಲ್ಲ. ಕೋಟಿಗಟ್ಟಲೆ ಚಿಕ್ಕ ಫೈಲ್‌ಗಳನ್ನು ಬಿಡಿಬಿಡಿಯಾಗಿ ಇಡಹೊರಟರೆ ಯಾವ ಕಂಪ್ಯೂಟರ್‌ಗೂ ನಿಭಾಯಿಸಲಾಗದು. ಅದಕ್ಕಾಗಿ ಕಾಲ್ ಮತ್ತು ಮೈಕ್ ಬರ್ನರ್ 1996ರಲ್ಲಿ ‘ಆರ್ಕ್’ ಎಂಬ ಫಾರ್ಮ್ಯಾಟ್ ರೂಪಿಸಿದರು. ಸಿಕ್ಕಿದ್ದನ್ನೆಲ್ಲ ಒಂದರ ಹಿಂದೆ ಒಂದರಂತೆ ಸುಮಾರು 100 ಎಂ.ಬಿ.ಯ ಒಂದು ಉದ್ದನೆಯ ಫೈಲ್‌ಗೆ ಸೇರಿಸುತ್ತಾ ಹೋಗುವುದು. ಪ್ರತಿಯೊಂದರ ತಲೆಯ ಮೇಲೆ ಒಂದೇ ಒಂದು ಸಾಲು: ವಿಳಾಸ, ಕೊಟ್ಟ ಕಂಪ್ಯೂಟರ್‌ನ ಅಂಕಿ, ದಿನಾಂಕ, ಬಗೆ, ಉದ್ದ. ಹೀಗೆ ಕೂಡಿಟ್ಟದ್ದನ್ನು ಸಾರ್ವಜನಿಕರು ನೋಡಲು ‘ವೇಬ್ಯಾಕ್ ಮಷೀನ್’ 2001ರ ಅಕ್ಟೋಬರ್‌ನಲ್ಲಿ ತೆರೆದುಕೊಂಡಿತು.

2003ರಲ್ಲಿ ಹನ್ನೆರಡು ಸಂಸ್ಥೆಗಳು, ಹೆಚ್ಚಿನವು ರಾಷ್ಟ್ರೀಯ ಗ್ರಂಥಾಲಯಗಳು, ಪ್ಯಾರಿಸ್‌ನಲ್ಲಿ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ‘ಆರ್ಕ್’ ಅನ್ನು ಬೆಳೆಸಿ ‘ವಾರ್ಕ್’ ಮಾಡಿದರು. 2009ರಲ್ಲಿ ಅದು ಐಎಸ್‌ಒ 28500 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು, 2017ರಲ್ಲಿ ಪರಿಷ್ಕರಣೆಯಾಯಿತು. ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ತಿರುವು ಇದೇ. ವಾರ್ಕ್ ಪುಟದ ರೂಪವನ್ನು ಉಳಿಸಲು ಹೊರಡುವುದಿಲ್ಲ. ಅದು ಒಂದು ಮಾತುಕತೆಯನ್ನು ದಾಖಲಿಸುತ್ತದೆ. ನಾವು ಸರ್ವರ್‌ಗೆ ಏನು ಕೇಳಿದೆವು, ಅದು ಏನು ಉತ್ತರ ಕೊಟ್ಟಿತು, ಯಾವ ಹೊತ್ತಿಗೆ, ಯಾವ ವಿಳಾಸದಿಂದ. ಪುಟ ಸಿಗಲಿಲ್ಲ ಎಂಬ ಉತ್ತರವನ್ನೂ ದಾಖಲಿಸುತ್ತದೆ. ಜೊತೆಗೆ ಕೊಟ್ಟದ್ದರ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನೂ ಬರೆದಿಡಬಹುದು. ಮುಂದೆ ಒಂದಕ್ಷರ ಬದಲಾದರೂ ಆ ಸಂಖ್ಯೆ ತಾಳೆಯಾಗುವುದಿಲ್ಲ.

ಇದನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ಎಂ.ಎ. ತರಗತಿಯ ಹಸ್ತಪ್ರತಿ ಪಾಠ. ಓಲೆಗರಿಯ ಕಟ್ಟು ಬಿಡಿಬಿಡಿ ಗರಿಗಳದ್ದು. ನಡುವಿನ ತೂತಿನಲ್ಲಿ ಹಾದುಹೋಗುವ ದಾರವೇ ಅದನ್ನು ಗ್ರಂಥವಾಗಿಸುವುದು. ಆದರೆ ಸಂಪಾದಕರು ಮೊದಲು ಹುಡುಕುವುದು ದಾರವನ್ನಲ್ಲ, ಕೊನೆಯ ಗರಿಯನ್ನು. ಯಾವ ಸಂವತ್ಸರ, ಯಾವ ತಿಥಿ, ಯಾವ ಊರಿನಲ್ಲಿ, ಯಾರು ಯಾರಿಗಾಗಿ ಪ್ರತಿ ಮಾಡಿದರು ಎಂದು ಲಿಪಿಕಾರ ಬರೆದಿಟ್ಟ ಮಾತು ಅಲ್ಲಿರುತ್ತದೆ. ಆ ಮಾತು ಉಳಿದ ಪ್ರತಿಗೆ ಸಿಗುವ ಬೆಲೆ, ಎಷ್ಟೇ ಅಂದವಾಗಿದ್ದರೂ ಅದು ಕಳೆದುಹೋದ ಪ್ರತಿಗೆ ಸಿಗುವುದಿಲ್ಲ. ಮುದ್ರಿತ ಪುಸ್ತಕಕ್ಕೆ ಇದೆಲ್ಲ ಸುಲಭವಾಗಿ ಒದಗಿತು. ಶೀರ್ಷಿಕೆ ಪುಟದ ಹಿಂದೆ ವರ್ಷವಿರುತ್ತದೆ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಆ ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದದ್ದು ಅಚ್ಚಾದ ಪುಸ್ತಕ. ಮೇಷ್ಟ್ರ ಗೆಳೆಯರ ಪ್ರಬಂಧದಂಥದಕ್ಕೆ ಅದು ದಾರಿ ತೋರಿಸಲಿಲ್ಲ.

*

ಬ್ರೌಸರ್‌ಗಳು ಮಾತ್ರ ತಮ್ಮ ತಮ್ಮಲ್ಲಿ ಹೊಂದಿಕೊಳ್ಳಲೇ ಇಲ್ಲ. ಎಂಎಚ್‌ಟಿಎಂಎಲ್ ಮಾನಕ ಎಲ್ಲರಿಗೂ ತೆರೆದಿದ್ದರೂ ಫೈರ್‌ಫಾಕ್ಸ್ ಅದನ್ನು ತನ್ನೊಳಗೆ ಸೇರಿಸಿಕೊಳ್ಳಲಿಲ್ಲ. ಅದರ ಬಳಕೆದಾರರಿಗಾಗಿ ‘ಮ್ಯಾಫ್’ ಎಂಬ ಬೇರೆಯೇ ಫಾರ್ಮ್ಯಾಟ್ ಹುಟ್ಟಿತು. ಪುಟವನ್ನೂ ಅದರ ಫೋಲ್ಡರನ್ನೂ ಒಂದು ಜಿಪ್ ಪೊಟ್ಟಣದಲ್ಲಿ ಕಟ್ಟಿ, ಮೂಲ ವಿಳಾಸ ಮತ್ತು ಉಳಿಸಿದ ಹೊತ್ತನ್ನು ಬರೆದ ಚೀಟಿಯೊಂದನ್ನು ಒಳಗಿಡುವ ಸೊಗಸಾದ ವ್ಯವಸ್ಥೆ ಅದು. ಆಪಲ್‌ನ ಸಫಾರಿ 2005ರಲ್ಲಿ ತನ್ನದೇ ‘ವೆಬ್‌ಆರ್ಕೈವ್’ ತಂದಿತು. 2006ರಲ್ಲಿ ಒಪೆರಾ 9 ಎಂಎಚ್‌ಟಿ ಕಡೆಗೆ ಬಂತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ಕ್ರಮದಲ್ಲಿ ಕಟ್ಟಿದ್ದ ಆ್ಯಡ್-ಆನ್‌ಗಳೆಲ್ಲ ನಿಂತುಹೋದವು, ಅವುಗಳ ಜೊತೆ ಮ್ಯಾಫ್ ಕೂಡ. ವರ್ಷಗಟ್ಟಲೆ ಮ್ಯಾಫ್‌ನಲ್ಲಿ ಸಂಗ್ರಹ ಮಾಡಿದವರು ಒಂದು ಬೆಳಗ್ಗೆ ಎದ್ದಾಗ ಪೆಟ್ಟಿಗೆ ಇತ್ತು, ಕೀಲಿಕೈ ಇರಲಿಲ್ಲ. ಒಳಗಿದ್ದದ್ದು ಸಾಮಾನ್ಯ ಜಿಪ್ ಆದ್ದರಿಂದ ಬಿಚ್ಚಿ ನೋಡಲು ಸಾಧ್ಯವಾಯಿತು ಎಂಬುದೇ ಸಮಾಧಾನ. 2022ರ ಜೂನ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ನಿವೃತ್ತವಾಯಿತು. ಅದು ಉಳಿಸಿದ ಪತ್ರಗಳನ್ನು ಇವತ್ತು ಕ್ರೋಮ್ ತೆರೆಯುತ್ತದೆ. ತಾನು ಉಳಿಸುವಾಗಲೂ ಕ್ರೋಮ್ ಅದೇ ಅಂಚೆಯ ರೂಪವನ್ನು ಬಳಸುತ್ತದೆ.

ಅಷ್ಟರಲ್ಲಿ ಪುಟವೇ ಮತ್ತೊಮ್ಮೆ ಬದಲಾಗಿತ್ತು. ಈಗಿನ ಎಷ್ಟೋ ಪುಟಗಳು ಬರುವಾಗ ಖಾಲಿ ಚೌಕಟ್ಟು. ಒಳಗಿನ ಪ್ರೋಗ್ರಾಂ ಓಡಿದ ಮೇಲೆ ಅಕ್ಷರ, ಚಿತ್ರ ತುಂಬಿಕೊಳ್ಳುತ್ತವೆ, ನಾವು ಕೆಳಗೆ ಸರಿದಂತೆ ಮತ್ತಷ್ಟು ಬರುತ್ತದೆ. ಇಂಥದನ್ನು ಉಳಿಸಲು ಈಗ ಎರಡು ದಾರಿಗಳಿವೆ. ‘ಸಿಂಗಲ್‌ಫೈಲ್’ ಎಂಬ ಆ್ಯಡ್-ಆನ್ ಪುಟ ಪೂರ್ತಿ ಮೂಡಿದ ಮೇಲೆ ಅದನ್ನು ಹಾಗೆಯೇ ಹೆಪ್ಪುಗಟ್ಟಿಸಿ, ಚಿತ್ರ-ಫಾಂಟ್‌ಗಳನ್ನೆಲ್ಲ ಅಕ್ಷರಗಳಾಗಿಸಿ, ಒಂದೇ ಎಚ್‌ಟಿಎಂಎಲ್ ಫೈಲ್‌ನಲ್ಲಿ ಇಡುತ್ತದೆ. ಅದಕ್ಕೆ ಬೇಕಾದ ತಂತ್ರವನ್ನು ಲ್ಯಾರಿ ಮಸಿಂಟರ್ 1998ರಲ್ಲೇ ಆರ್‌ಎಫ್‌ಸಿ 2397ರಲ್ಲಿ ವಿವರಿಸಿದ್ದರು. ಇನ್ನೊಂದು ದಾರಿ ಇಲ್ಯಾ ಕ್ರೈಮರ್ ಅವರ ‘ವೆಬ್‌ರೆಕಾರ್ಡರ್’ನದು. ನಾವು ಓದುತ್ತಾ ಹೋದಂತೆ ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯನ್ನೆಲ್ಲ ಅದು ವಾರ್ಕ್‌ನಲ್ಲಿ ದಾಖಲಿಸುತ್ತದೆ. ಅಂಥ ದಾಖಲೆಗಳನ್ನೂ ಅವುಗಳ ಸೂಚಿಯನ್ನೂ ಒಂದು ಜಿಪ್‌ನಲ್ಲಿ ಕಟ್ಟಿದರೆ ‘ವ್ಯಾಕ್‌ಜಡ್’. ಮೊದಲನೆಯದು ಬಡಿಸಿದ ಎಲೆಯ ಫೋಟೊ ಇದ್ದಂತೆ, ಯಾರು ಬೇಕಾದರೂ ನೋಡಬಹುದು. ಎರಡನೆಯದರಲ್ಲಿ ಸಾಮಾನೂ ವಿಧಾನವೂ ಎರಡೂ ಇರುತ್ತವೆ, ಆದರೆ ಪ್ರತಿ ಸಲವೂ ಹೊಸದಾಗಿ ಒಲೆ ಹಚ್ಚಬೇಕು. ಹಳೆಯ ಒಲೆಯೇ ಬೇಕೆನ್ನುವ ಪುಟಗಳೂ ಇವೆ. ಎಕ್ಸ್‌ಪ್ಲೋರರ್ ಬಿಟ್ಟರೆ ಬೇರೆ ಯಾವ ಬ್ರೌಸರೂ ಒಪ್ಪಿಕೊಳ್ಳದ ಆ ಕನ್ನಡ ಫಾಂಟ್‌ಗಳು ಯಾವುದಾದರೂ ವಾರ್ಕ್‌ನಲ್ಲಿ ಸುರಕ್ಷಿತವಾಗಿದ್ದರೂ ಇಂದಿನ ಬ್ರೌಸರ್ ಅವನ್ನು ಮುಟ್ಟುವುದಿಲ್ಲ.

*

ಮತ್ತೆ ಆ ನಾಲ್ಕು ಪ್ರಬಂಧಗಳಿಗೆ ಬರುತ್ತೇನೆ. ಎರಡು ಎಚ್‌ಟಿಎಂ ಮತ್ತು ಒಂದು ಎಂಎಚ್‌ಟಿ ಫೈಲ್‌ಗಳ ಒಳಗೆ ಪ್ರತಿ ಪ್ಯಾರಾದ ಹಿಂದೆ ಫಾಂಟ್‌ನ ಹೆಸರು ಬರೆದಿತ್ತು. ಫಾಂಟ್ ಇರಲಿಲ್ಲ, ಅದರ ಹೆಸರಿತ್ತು. ಹೆಸರು ತಿಳಿದರೆ ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂಬ ಪಟ್ಟಿ ಸಿಗುತ್ತದೆ, ಪಟ್ಟಿ ಸಿಕ್ಕರೆ ಯುನಿಕೋಡ್‌ಗೆ ಪರಿವರ್ತಿಸಬಹುದು. ಪರಿವರ್ತಿಸಿದೆ. ಒತ್ತಕ್ಷರಗಳು, ಅರ್ಕಾವೊತ್ತು, ದೀರ್ಘದ ಚಿಹ್ನೆಗಳು ಅಲ್ಲಲ್ಲಿ ಎಡವಿದ್ದವು. ಅವನ್ನು ಮೂಲದ ಜೊತೆ ಹೋಲಿಸಿ ಒಂದೊಂದಾಗಿ ತಿದ್ದಿದೆ. ಮೂರನೆಯ ದಿನ ಮೊದಲ ಪ್ರಬಂಧ ಪೂರ್ತಿಯಾಗಿ ಓದಿಸಿಕೊಂಡಿತು. ಹೊರದೇಶದ ಹಿಮದಲ್ಲಿ ಕೂತು ಊರಿನ ಅಟ್ಟದ ಮೇಲಿನ ಹಂಡೆಗಳನ್ನು ನೆನೆಯುವ ಬರಹ ಅದು. ಹಾಸ್ಟೆಲ್‌ನ ಕೋಣೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ಓದಿದೆ.

ನಾಲ್ಕನೆಯದು ಟೆಕ್ಸ್ಟ್ ಫೈಲ್. ಯಾವತ್ತೋ ಪುಟ ಸೇವ್ ಆಗದೆ ಹೋದಾಗ ಬರಹವನ್ನಷ್ಟೇ ಆರಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿಕೊಂಡದ್ದಿರಬೇಕು. ಅದರಲ್ಲಿ ಫಾಂಟ್‌ನ ಹೆಸರಿಲ್ಲ, ವಿಳಾಸವಿಲ್ಲ, ದಿನಾಂಕವಿಲ್ಲ. ಒಂದಾದ ಮೇಲೊಂದು ಪಟ್ಟಿ ಹಾಕಿ ನೋಡಿ ಕೊನೆಗೆ ಅದನ್ನೂ ಬಿಡಿಸಿದೆ. ಈಗ ಓದಬಹುದು. ನಾಲ್ಕರಲ್ಲಿ ಅದೇ ಚೆನ್ನಾಗಿದೆ. ಆದರೆ ಅದು ಎಲ್ಲಿ ಪ್ರಕಟವಾಯಿತು, ಯಾವಾಗ, ಅಂಟಿಸುವಾಗ ಮೊದಲ ಸಾಲೋ ಕೊನೆಯ ಸಾಲೋ ಬಿಟ್ಟುಹೋಯಿತೇ, ಕಡೆಗೆ ಅದು ಅವರದ್ದೇ ಬರಹವೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೇಷ್ಟ್ರ ನೆನಪು ಬಿಟ್ಟರೆ ಸಾಕ್ಷಿಯಿಲ್ಲ. ನನ್ನ ಮಾರ್ಗದರ್ಶಕರು ಫೈಲನ್ನು ನೋಡಿ, “ಓದಿ ಖುಷಿಪಡು. ಅಧ್ಯಾಯದಲ್ಲಿ ಹಾಕೋ ಹಾಗಿಲ್ಲ” ಎಂದರು. ಅವರ ಮಾತು ಸರಿ. ಮೊದಲ ಮೂರು ಪ್ರಬಂಧಗಳು ನನ್ನ ಮಹಾಪ್ರಬಂಧದಲ್ಲಿ ಇರುತ್ತವೆ. ನಾಲ್ಕನೆಯದು ಅನುಬಂಧದಲ್ಲೂ ಇರುವುದಿಲ್ಲ.

ಮೊದಮೊದಲು ನಾನು ಪುಟದ ಅಂದವನ್ನು ಚೆನ್ನಾಗಿ ಉಳಿಸುವ ಫಾರ್ಮ್ಯಾಟೇ ಒಳ್ಳೆಯದೆಂದು ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಚಿತ್ರ ಹೋದರೂ, ಬಣ್ಣ ಹೋದರೂ, ಫಾಂಟೇ ಹೋದರೂ ಬರಹವನ್ನು ಮತ್ತೆ ಕಟ್ಟಿಕೊಳ್ಳಬಹುದು. ಎಲ್ಲಿಂದ ಬಂತು, ಯಾವಾಗ ಬಂತು, ಅಕ್ಷರಗಳನ್ನು ಯಾವ ಲೆಕ್ಕದಲ್ಲಿ ಬರೆದದ್ದು ಎಂಬ ಮೂರು ಮಾತು ಉಳಿದಿದ್ದರೆ ಸಾಕು. ಅವು ಹೋದರೆ ಪುಟ ಎಷ್ಟೇ ಸ್ವಚ್ಛವಾಗಿ ಕಂಡರೂ ಅದು ಅನಾಥ. ಇವತ್ತು ನಾವು ಇಷ್ಟಪಟ್ಟ ಬರಹಗಳನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಡುತ್ತೇವೆ. ನೋಡಲು ಥೇಟ್ ಅದೇ ಪುಟ. ವಿಳಾಸ ಇರುವುದಿಲ್ಲ, ಹುಡುಕಲು ಅಕ್ಷರವೂ ಇರುವುದಿಲ್ಲ. ಸೈಬರ್ ಕೆಫೆಯ ಮೇಷ್ಟ್ರು ಗೊತ್ತಿಲ್ಲದೆಯೇ ನಮಗಿಂತ ಒಳ್ಳೆಯ ಲಿಪಿಕಾರರಾಗಿದ್ದರು.

ಮುದ್ರಿಸಿದ ಪ್ರಬಂಧಗಳನ್ನು ಹಿಡಿದು ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಕನ್ನಡಕ ಏರಿಸಿಕೊಂಡು ಎರಡು ಪುಟ ಓದಿದರು, ಬದಿಗಿಟ್ಟರು. ನಾನು ಎಂಎಚ್‌ಟಿಯ ತಲೆಬರಹವನ್ನೂ ಮುದ್ರಿಸಿಕೊಂಡು ಹೋಗಿದ್ದೆ. “ಸರ್, ಇದನ್ನು ನೀವು ಉಳಿಸಿದ್ದು ಯಾವತ್ತು ಗೊತ್ತಾ?” ಎಂದು ದಿನಾಂಕದ ಸಾಲನ್ನು ತೋರಿಸಿದೆ. 2002ರ ಡಿಸೆಂಬರ್, ಒಂದು ಶನಿವಾರ, ಸಂಜೆ ಏಳು ಗಂಟೆ ಹನ್ನೆರಡು ನಿಮಿಷ.

ಅವರು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. “ಆ ಡಿಸೆಂಬರಲ್ಲಿ ಅವನು ಊರಿಗೆ ಬಂದಿದ್ದ. ಕೆಫೆಗೆ ಇಬ್ಬರೂ ಹೋಗಿದ್ವಿ. ಈ ಥರ ಸೇವ್ ಮಾಡೋದು ಹೇಳಿಕೊಟ್ಟವನೇ ಅವನು. ಹೀಗಿಟ್ಟರೆ ಚೆದುರಿ ಹೋಗಲ್ಲ ಕಣೋ ಅಂದಿದ್ದ” ಎಂದರು. ಆಮೇಲೆ ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ವಾಪಸ್ ಕೇಳಲಿಲ್ಲ.